ತಟ್ಟೆ ಚಿಕ್ಕದಿರಲಿ, ಹೊತ್ತು ಆರಿರಲಿ

ಮೇದೋಜೀರಕ ಗ್ರಂಥಿಯ ಕ್ಯಾನ್ಸರ್‌ಗೆ ಶಸ್ತ್ರಚಿಕಿತ್ಸೆಯಾಗಿ ಮನೆಗೆ ಮರಳಿದವರ ಚೇತರಿಕೆಯಲ್ಲಿ ಅಡುಗೆಮನೆಗೆ ದೊಡ್ಡ ಪಾಲಿದೆ. ಮನೆಯ ಮಕ್ಕಳೂ ಅದರಲ್ಲಿ ಕೈಜೋಡಿಸಬಹುದು.

ಪ್ರೌಢಶಾಲೆಯ ವಿಜ್ಞಾನ ಪಾಠದಲ್ಲಿ ಜೀರ್ಣಾಂಗಗಳ ಚಿತ್ರ ಬರೆಯದ ವಿದ್ಯಾರ್ಥಿ ಇಲ್ಲ. ಜಠರದ ಹಿಂದೆ ಎಲೆಯಂತೆ ಅಡ್ಡಲಾಗಿ ಮಲಗಿರುವ ಅಂಗಕ್ಕೊಂದು ಗೆರೆ ಎಳೆದು ‘ಮೇದೋಜೀರಕ ಗ್ರಂಥಿ’ ಎಂದು ಹೆಸರಿಸಿದರೆ ಅರ್ಧ ಅಂಕ ಬಂತು. ಪರೀಕ್ಷೆ ಮುಗಿದ ಮೇಲೆ ಅದನ್ನು ನೆನೆಯುವವರು ಕಡಿಮೆ. ಮನೆಯ ಹಿರಿಯರೊಬ್ಬರಿಗೆ ಅದೇ ಗ್ರಂಥಿಯಲ್ಲಿ ಗಡ್ಡೆಯಿದೆ ಎಂದು ಡಾಕ್ಟರು ಹೇಳಿದ ದಿನ ಆ ಮರೆತ ಪಾಠ ಮತ್ತೆ ನೆನಪಾಗುತ್ತದೆ.

ಸುಮಾರು 15 ಸೆಂಟಿಮೀಟರ್ ಉದ್ದ, ನೂರು ಗ್ರಾಂ ಆಸುಪಾಸಿನ ತೂಕ. ಇಷ್ಟು ಪುಟ್ಟ ಅಂಗ ದಿನಕ್ಕೆ ಒಂದರಿಂದ ಒಂದೂವರೆ ಲೀಟರ್ ಜೀರ್ಣರಸವನ್ನು ಸಣ್ಣ ಕರುಳಿಗೆ ಹರಿಸುತ್ತದೆ. ಆ ರಸದಲ್ಲಿರುವ ಲೈಪೇಸ್ ಎಂಬ ಕಿಣ್ವ ಜಿಡ್ಡನ್ನೂ, ಅಮೈಲೇಸ್ ಪಿಷ್ಟವನ್ನೂ, ಟ್ರಿಪ್ಸಿನ್ ಪ್ರೋಟೀನನ್ನೂ ಒಡೆಯುತ್ತವೆ. ಇದೇ ಗ್ರಂಥಿಯೊಳಗೆ ಅಲ್ಲಲ್ಲಿ ದ್ವೀಪಗಳಂತೆ ಚದುರಿರುವ ಜೀವಕೋಶಗಳ ಗುಂಪುಗಳನ್ನು ಜರ್ಮನಿಯ ಪಾಲ್ ಲ್ಯಾಂಗರ್‌ಹಾನ್ಸ್ 1869ರಲ್ಲಿ ಗುರುತಿಸಿದರು. ರಕ್ತದ ಸಕ್ಕರೆಯನ್ನು ಹದದಲ್ಲಿಡುವ ಇನ್ಸುಲಿನ್ ತಯಾರಾಗುವುದು ಅಲ್ಲಿಯೇ. ಅಂದರೆ ಉಂಡದ್ದನ್ನು ಅರಗಿಸುವ ಕೆಲಸವೂ ಇದರದ್ದೇ, ಅರಗಿದ್ದನ್ನು ಮೈಗೆ ಹತ್ತಿಸುವ ಕೆಲಸವೂ ಇದರದ್ದೇ.

ಕತ್ತರಿಸಿ ಜೋಡಿಸುವ ಶಸ್ತ್ರಚಿಕಿತ್ಸೆ

ಗಡ್ಡೆ ಈ ಗ್ರಂಥಿಯ ತಲೆಭಾಗದಲ್ಲಿದ್ದರೆ ಮಾಡುವ ಶಸ್ತ್ರಚಿಕಿತ್ಸೆಗೆ ‘ವಿಪಲ್ ಆಪರೇಷನ್’ ಎಂಬ ಹೆಸರಿದೆ. ಬರ್ಲಿನ್ನಿನ ವಾಲ್ಟರ್ ಕೌಶ್ 1909ರಲ್ಲೇ ಇಂಥ ಶಸ್ತ್ರಚಿಕಿತ್ಸೆ ಮಾಡಿದ್ದರು. 1935ರಲ್ಲಿ ನ್ಯೂಯಾರ್ಕಿನ ಅಲೆನ್ ವಿಪಲ್ ತಮ್ಮ ವಿಧಾನವನ್ನು ಪ್ರಕಟಿಸಿದ ಮೇಲೆ ಅದು ಅವರ ಹೆಸರಿನಲ್ಲೇ ಉಳಿಯಿತು. ಗ್ರಂಥಿಯ ತಲೆಭಾಗ, ಸಣ್ಣ ಕರುಳಿನ ಮೊದಲ ತುಂಡು, ಪಿತ್ತಕೋಶ, ಪಿತ್ತನಾಳದ ಒಂದು ಭಾಗ, ಕೆಲವೊಮ್ಮೆ ಜಠರದ ತುದಿ ಇಷ್ಟನ್ನೂ ತೆಗೆದು, ಉಳಿದ ಗ್ರಂಥಿಯನ್ನೂ ಪಿತ್ತನಾಳವನ್ನೂ ಜಠರವನ್ನೂ ಕರುಳಿಗೆ ಮತ್ತೆ ಹೊಲಿಯುತ್ತಾರೆ. ಗಂಟೆಗಟ್ಟಲೆ ಹಿಡಿಯುವ ಕೆಲಸವಿದು. ಗಡ್ಡೆ ಬಾಲದ ಕಡೆ ಇದ್ದರೆ ಆ ಭಾಗವನ್ನು, ಸಾಮಾನ್ಯವಾಗಿ ಗುಲ್ಮದ ಜೊತೆಗೆ, ತೆಗೆಯುತ್ತಾರೆ.

ಈ ಕ್ಯಾನ್ಸರ್ ಬಹುಪಾಲು ತಡವಾಗಿಯೇ ಪತ್ತೆಯಾಗುತ್ತದೆ. ಶಸ್ತ್ರಚಿಕಿತ್ಸೆಗೆ ಒಗ್ಗುವ ಹಂತದಲ್ಲಿ ಸಿಕ್ಕವರು ಅಲ್ಪಸಂಖ್ಯಾತರು. ಹೀಗಾಗಿ ಆಪರೇಷನ್ ಸುಸೂತ್ರವಾಗಿ ಮುಗಿಯಿತು ಎಂದಾಗ ಮನೆಯವರು ನಿಟ್ಟುಸಿರು ಬಿಡುವುದು ಸಹಜ. ಆದರೆ ಅಲ್ಲಿಗೆ ಕೆಲಸ ಮುಗಿಯುವುದಿಲ್ಲ. ಕಣ್ಣಿಗೆ ಕಾಣದೆ ಉಳಿದಿರಬಹುದಾದ ಕ್ಯಾನ್ಸರ್ ಕೋಶಗಳಿಗಾಗಿ ಮುಂದಿನ ಎರಡು ಮೂರು ತಿಂಗಳೊಳಗೆ ಕೀಮೋಥೆರಪಿ ಆರಂಭಿಸುವುದು ವಾಡಿಕೆ. ಅದು ಸಾಮಾನ್ಯವಾಗಿ ಆರು ತಿಂಗಳು ನಡೆಯುತ್ತದೆ. ಮೈಯಲ್ಲಿ ತ್ರಾಣವಿಲ್ಲದಿದ್ದರೆ, ತೂಕ ಇಳಿಯುತ್ತಲೇ ಇದ್ದರೆ ಡಾಕ್ಟರು ಅದನ್ನು ಮುಂದೂಡಬೇಕಾಗುತ್ತದೆ, ಇಲ್ಲವೇ ಔಷಧಿಯ ಪ್ರಮಾಣ ತಗ್ಗಿಸಬೇಕಾಗುತ್ತದೆ. ಆ ಎರಡು ಮೂರು ತಿಂಗಳ ಊಟ, ನೀರು ಮುಂದಿನ ಚಿಕಿತ್ಸೆಯ ಅಡಿಪಾಯ ಎನ್ನುವುದು ಇದಕ್ಕಾಗಿಯೇ.

ಹೊಟ್ಟೆ ತುಂಬ ಬಡಿಸುವ ಪ್ರೀತಿ

‘ಇನ್ನೊಂದು ತುತ್ತು ಉಣ್ಣಿ, ಎಷ್ಟು ಸೊರಗಿದ್ದೀರಿ’ ಎಂದು ತಟ್ಟೆ ತುಂಬ ಬಡಿಸುವುದು ನಮ್ಮ ಮನೆಗಳ ಪ್ರೀತಿಯ ರೀತಿ. ವಿಪಲ್ ಆದವರಿಗೆ ಆ ಪ್ರೀತಿಯೇ ಹೊರೆಯಾಗುತ್ತದೆ. ಜಠರ ಮೊದಲಿನಂತೆ ಹಿಗ್ಗುವುದಿಲ್ಲ. ಎಷ್ಟೋ ಜನರಲ್ಲಿ ಮೊದಲ ವಾರಗಳಲ್ಲಿ ಅದು ಬಲು ನಿಧಾನವಾಗಿ ಖಾಲಿಯಾಗುತ್ತದೆ. ನಾಲ್ಕು ತುತ್ತಿಗೇ ಹೊಟ್ಟೆ ಬಿಗಿದಂತಾಗಿ ಊಟ ಬೇಡವೆನಿಸುತ್ತದೆ. ಒತ್ತಾಯಿಸಿದರೆ ವಾಂತಿ. ಇದು ಹಟವಲ್ಲ, ಬೇಸರವೂ ಅಲ್ಲ.

ಪರಿಹಾರ ಸರಳ. ಮೂರು ದೊಡ್ಡ ಊಟದ ಬದಲು ಆರು ಚಿಕ್ಕ ಊಟ. ಎರಡೂವರೆ ಮೂರು ಗಂಟೆಗೊಮ್ಮೆ, ಹಸಿವಾಗಲಿ ಬಿಡಲಿ, ಗಡಿಯಾರ ನೋಡಿ ಕೊಡುವ ಊಟ. ಮಕ್ಕಳು ತಿನ್ನುವ ಚಿಕ್ಕ ತಟ್ಟೆಯೇ ಸಾಕು. ಚೆನ್ನಾಗಿ ಅಗಿದು, ಬೆನ್ನು ನೇರ ಮಾಡಿ ಕುಳಿತು, ನಿಧಾನವಾಗಿ ಉಣ್ಣಬೇಕು. ಉಂಡ ಕೂಡಲೇ ಮಲಗಬಾರದು.

ಪ್ರಮಾಣ ಕಡಿಮೆಯಾದಾಗ ಪ್ರತಿ ತುತ್ತಿನಲ್ಲೂ ಸತ್ವ ಹೆಚ್ಚಿರಬೇಕು. ಕ್ಯಾನ್ಸರ್ ರೋಗಿಗಳಿಗೆ ದೇಹದ ತೂಕದ ಕಿಲೋ ಒಂದಕ್ಕೆ ದಿನಕ್ಕೆ 1.2ರಿಂದ 1.5 ಗ್ರಾಂ ಪ್ರೋಟೀನ್ ಬೇಕೆಂಬುದು ಆಹಾರ ತಜ್ಞರ ಸಾಮಾನ್ಯ ಲೆಕ್ಕ. 50 ಕಿಲೋ ತೂಗುವವರಿಗೆ 60ರಿಂದ 75 ಗ್ರಾಂ. ಒಂದು ಮೊಟ್ಟೆ, ಒಂದು ಲೋಟ ಹಾಲು, 30 ಗ್ರಾಂ ಬೇಳೆ, 30 ಗ್ರಾಂ ಹುರಿಗಡಲೆ, ಇವುಗಳಲ್ಲಿ ಯಾವುದೇ ಒಂದರಿಂದ ಸುಮಾರು 6 ಗ್ರಾಂ ಪ್ರೋಟೀನ್ ದೊರೆಯುತ್ತದೆ. ಆರು ಹೊತ್ತಿನಲ್ಲೂ ಇಂಥದ್ದೊಂದು ಇದ್ದು, ಎರಡು ಹೊತ್ತು ಇಂಥವು ಎರಡೆರಡಿದ್ದರೆ 48 ಗ್ರಾಂ. ಅಕ್ಕಿ, ರಾಗಿ, ಗೋಧಿಯಿಂದ ಬರುವುದೂ ಸೇರಿದರೆ 60ರ ಗುರಿ ದೂರವೇನಲ್ಲ. ಈ ಲೆಕ್ಕವನ್ನು ಮನೆಯ ವಿದ್ಯಾರ್ಥಿಯೇ ಮಾಡಿ ಅಡುಗೆಮನೆಯ ಗೋಡೆಗೆ ಅಂಟಿಸಬಹುದು.

ಹಾಲಿನಲ್ಲಿ ಕುದಿಸಿದ ರಾಗಿ ಗಂಜಿ, ಮೆತ್ತನೆಯ ಇಡ್ಲಿಗೆ ಗಟ್ಟಿ ತೊವ್ವೆ, ಹೆಸರುಬೇಳೆ ಹಾಕಿದ ಪೊಂಗಲ್, ಹುರಿಗಡಲೆ ಹಿಟ್ಟು ಕಲಸಿದ ಮೊಸರನ್ನ, ಬೇಯಿಸಿದ ಮೊಟ್ಟೆ, ತಿನ್ನುವವರಾದರೆ ಮುಳ್ಳು ತೆಗೆದ ಮೀನು, ಇವೆಲ್ಲ ಒಗ್ಗುವ ಅಡುಗೆಗಳೇ. ಹಸಿ ತರಕಾರಿ, ನಾರು ಹೆಚ್ಚಿರುವ ಸೊಪ್ಪು ಬೇಗ ಹೊಟ್ಟೆ ತುಂಬಿಸುತ್ತವೆ, ವಾಯು ತರಿಸುತ್ತವೆ. ಮೊದಲ ಕೆಲವು ವಾರ ಅವನ್ನು ಹಿಂದಿಟ್ಟರೆ ಒಳ್ಳೆಯದು.

ಪಥ್ಯದ ಹೆಸರಿನಲ್ಲಿ ಆಗುವ ನಷ್ಟವೂ ಉಂಟು. ‘ಅದು ನಂಜು, ಇದು ಉಷ್ಣ, ತುಪ್ಪ ಮುಟ್ಟಲೇಬಾರದು’ ಎನ್ನುತ್ತ ನೋಡಲು ಬಂದ ನೆಂಟರೆಲ್ಲ ಒಂದೊಂದು ಪದಾರ್ಥವನ್ನು ತಟ್ಟೆಯಿಂದ ತೆಗೆಸಿದರೆ ಕೊನೆಗೆ ಉಳಿಯುವುದು ಬರೀ ಅನ್ನದ ಗಂಜಿ. ಅದರಲ್ಲಿ ತೂಕ ಹೆಚ್ಚಿಸುವ ಸತ್ವ ಸಾಲದು. ಒಂದು ಟೀ ಚಮಚ ತುಪ್ಪದಲ್ಲಿ ಸುಮಾರು 45 ಕ್ಯಾಲೊರಿ ಶಕ್ತಿಯಿದೆ. ಸೊರಗಿದ ದೇಹಕ್ಕೆ ಅದು ಬೇಕು. ಜಿಡ್ಡು ಅರಗದಿದ್ದರೆ ಜಿಡ್ಡನ್ನು ಬಿಡಿಸುವ ಮೊದಲು ಅರಗಿಸುವ ಔಷಧಿ ಸರಿಯಾಗಿ ಸೇರುತ್ತಿದೆಯೇ ಎಂದು ನೋಡಬೇಕು.

ಊಟದ ಜೊತೆಗೇ ಗುಳಿಗೆ

ಆ ಔಷಧಿಯೇ ಕಿಣ್ವದ ಕ್ಯಾಪ್ಸೂಲ್. ಗ್ರಂಥಿ ಸುರಿಸಬೇಕಾಗಿದ್ದ ರಸದ ಬದಲಿಗೆ ಹೊರಗಿನಿಂದ ಕೊಡುವ ಕಿಣ್ವ ಅದರಲ್ಲಿರುತ್ತದೆ. ಅದರ ಕೊರತೆ ಮಲದಲ್ಲಿ ಗೊತ್ತಾಗುತ್ತದೆ. ಬಣ್ಣ ಪೇಲವ, ಜಿಡ್ಡುಜಿಡ್ಡು, ತೀರಾ ದುರ್ವಾಸನೆ, ನೀರು ಹಾಕಿದರೂ ತೇಲುತ್ತ ನಿಲ್ಲುವುದು. ಚೆನ್ನಾಗಿ ಉಂಡರೂ ತೂಕ ಇಳಿಯುವುದು ಇನ್ನೊಂದು ಸೂಚನೆ. ಸಂಕೋಚದಿಂದ ಇದನ್ನು ಹೇಳದೆ ಮುಚ್ಚಿಡುವವರೇ ಹೆಚ್ಚು. ಡಾಕ್ಟರಿಗೆ ಬೇಕಾದ ಮುಖ್ಯ ಮಾಹಿತಿ ಇದೇ.

ಈ ಕ್ಯಾಪ್ಸೂಲನ್ನು ಊಟಕ್ಕೆ ಅರ್ಧ ಗಂಟೆ ಮೊದಲೋ ಊಟವಾದ ಮೇಲೋ ನುಂಗಿದರೆ ಪ್ರಯೋಜನ ಕಡಿಮೆ. ಕಿಣ್ವ ಅನ್ನದ ಜೊತೆಯಲ್ಲೇ ಸಾಗಬೇಕು. ಮೊದಲ ತುತ್ತಿನ ಹೊತ್ತಿಗೆ ನುಂಗಬೇಕು. ಒಂದಕ್ಕಿಂತ ಹೆಚ್ಚು ಹೇಳಿದ್ದರೆ ಉಳಿದದ್ದನ್ನು ಊಟದ ನಡುವೆ ತೆಗೆದುಕೊಳ್ಳಬೇಕು. ಬಿಸಿ ಕಾಫಿ, ಟೀ ಜೊತೆ ನುಂಗಬಾರದು, ಶಾಖಕ್ಕೆ ಕಿಣ್ವ ಕೆಡುತ್ತದೆ. ಅಗಿಯಲೂ ಬಾರದು. ಬಿಸಿಲು ಬೀಳುವ ಕಿಟಕಿಯ ಬಳಿ ಡಬ್ಬಿ ಇಡಬಾರದು. ಹಾಲು, ಮಿಲ್ಕ್‌ಶೇಕ್‌ನಂಥವಕ್ಕೂ ಕ್ಯಾಪ್ಸೂಲ್ ಬೇಕು. ಬರೀ ನೀರಿಗೆ, ಹಾಲಿಲ್ಲದ ಟೀಗೆ ಬೇಡ. ಪ್ರಮಾಣವನ್ನು ಡಾಕ್ಟರೇ ನಿರ್ಧರಿಸಬೇಕು, ಊಟದ ಜಿಡ್ಡಿಗೆ ತಕ್ಕಂತೆ ಅವರೇ ಹೆಚ್ಚು ಕಡಿಮೆ ಮಾಡಬೇಕು.

ಈ ಕಿಣ್ವವನ್ನು ತೆಗೆಯುವುದು ಹಂದಿಯ ಮೇದೋಜೀರಕ ಗ್ರಂಥಿಯಿಂದ. ಇದು ತಿಳಿದು ಕೆಲವರು ಯಾರಿಗೂ ಹೇಳದೆ ಔಷಧಿ ನಿಲ್ಲಿಸಿಬಿಡುವುದುಂಟು. ಹಾಗೆ ಮಾಡುವ ಬದಲು ಮನಸ್ಸಿನ ಮಾತನ್ನು ಡಾಕ್ಟರ ಮುಂದಿಡುವುದು ಲೇಸು. ಜೀವ ಉಳಿಸುವ ಔಷಧಿಯೆಂದು ಒಪ್ಪಿಕೊಳ್ಳುವವರೂ, ತಮ್ಮ ಧರ್ಮಗುರುಗಳನ್ನು ಕೇಳಿ ತೀರ್ಮಾನಿಸುವವರೂ ಇದ್ದಾರೆ.

ನೀರು ಗುಟುಕು ಗುಟುಕಾಗಿ

ವಯಸ್ಕರ ದೇಹದ ತೂಕದಲ್ಲಿ ಹೆಚ್ಚುಕಡಿಮೆ ಶೇ 60 ಭಾಗ ನೀರು. ವಾಂತಿ, ಭೇದಿ, ಜ್ವರ ಬಂದರೆ ಅದು ಬೇಗ ಸೋರಿಹೋಗುತ್ತದೆ. ಹೃದಯ, ಮೂತ್ರಪಿಂಡದ ತೊಂದರೆ ಇಲ್ಲದವರಿಗೆ ದಿನಕ್ಕೆ ಒಂದೂವರೆಯಿಂದ ಎರಡು ಲೀಟರ್ ದ್ರವ ಬೇಕು. 200 ಮಿಲಿಲೀಟರಿನ ಲೋಟದಲ್ಲಿ ಎಂಟರಿಂದ ಹತ್ತು. ಆದರೆ ಊಟದ ಜೊತೆ ಲೋಟಗಟ್ಟಲೆ ಕುಡಿದರೆ ಅನ್ನಕ್ಕೆ ಜಾಗವಿರುವುದಿಲ್ಲ. ಊಟದ ಹೊತ್ತಿನಲ್ಲಿ ಎರಡು ಮೂರು ಗುಟುಕು ಸಾಕು. ಉಳಿದದ್ದು ಊಟಕ್ಕೆ ಅರ್ಧ ಗಂಟೆ ಮೊದಲು, ಅರ್ಧ ಗಂಟೆ ನಂತರ. ಒಂದು ಲೀಟರ್ ಬಾಟಲಿಗೆ ಗೆರೆ ಹಾಕಿ ಪಕ್ಕದಲ್ಲಿಟ್ಟರೆ ಎಷ್ಟು ಕುಡಿದರೆಂಬುದು ಕಣ್ಣಿಗೇ ಕಾಣುತ್ತದೆ.

ಕುದಿಸಿ ಆರಿಸಿದ ನೀರು, ತೆಳು ಮಜ್ಜಿಗೆ, ಬೇಳೆಕಟ್ಟು, ಗಂಜಿತಿಳಿ ಎಲ್ಲವೂ ಲೆಕ್ಕಕ್ಕೆ ಸೇರುತ್ತವೆ. ಸಕ್ಕರೆ ತುಂಬಿದ ಬಾಟಲಿ ಪಾನೀಯ, ಗಟ್ಟಿ ಪಾನಕ ಬೇಡ. ಅತಿ ಸಿಹಿ ದ್ರವ ಒಮ್ಮೆಲೇ ಕರುಳಿಗೆ ಇಳಿದರೆ ಸುತ್ತಲಿನ ನೀರನ್ನು ತನ್ನತ್ತ ಎಳೆದುಕೊಳ್ಳುತ್ತದೆ. ಹೊಟ್ಟೆ ನುಲಿತ, ಬೆವರು, ಎದೆಬಡಿತ, ಭೇದಿ ಕಾಣಿಸಬಹುದು. ಇನ್ಸುಲಿನ್ ಕಡಿಮೆಯಾಗಿ ಸಕ್ಕರೆ ಕಾಯಿಲೆ ಬರುವ ಸಾಧ್ಯತೆಯೂ ಇರುವುದರಿಂದ ರಕ್ತ ಪರೀಕ್ಷೆಯನ್ನು ತಪ್ಪಿಸಬಾರದು.

ಭೇದಿಯಾದಾಗ ಓಆರ್‌ಎಸ್ ಪೊಟ್ಟಣ ನೆರವಿಗೆ ಬರುತ್ತದೆ. ಹದವಾದ ಗ್ಲೂಕೋಸ್ ಜೊತೆಗಿದ್ದರೆ ಕರುಳು ಉಪ್ಪನ್ನೂ ಅದರ ಹಿಂದೆ ನೀರನ್ನೂ ಹೀರಿಕೊಳ್ಳುತ್ತದೆ ಎಂಬುದೇ ಅದರ ಗುಟ್ಟು. 1971ರಲ್ಲಿ ಬಾಂಗ್ಲಾ ನಿರಾಶ್ರಿತರ ಬಂಗಾಂವ್ ಶಿಬಿರದಲ್ಲಿ ಕಾಲರಾ ಹಬ್ಬಿದಾಗ ಡಾ. ದಿಲೀಪ್ ಮಹಾಲನಬಿಸ್ ಇದೇ ದ್ರಾವಣದಿಂದ ಸಾವಿರಾರು ಜೀವ ಉಳಿಸಿದರು. ಪೊಟ್ಟಣದ ಮೇಲೆ ಹೇಳಿದಷ್ಟೇ ನೀರಿಗೆ ಇಡೀ ಪೊಟ್ಟಣ ಬೆರೆಸಬೇಕು. ಸಕ್ಕರೆ ಕಾಯಿಲೆ ಇರುವವರು ಡಾಕ್ಟರನ್ನು ಕೇಳಿ ಕುಡಿಯಬೇಕು.

ಮಕ್ಕಳ ಕೈಗೊಂದು ನೋಟ್‌ಬುಕ್

ಶಸ್ತ್ರಚಿಕಿತ್ಸೆ ಬೆಂಗಳೂರಿನಲ್ಲೋ ಮಣಿಪಾಲದಲ್ಲೋ ಆಗುತ್ತದೆ. ಆರೈಕೆ ನಡೆಯುವುದು ಹಳ್ಳಿಯ ಮನೆಯಲ್ಲಿ. ಆಸ್ಪತ್ರೆಯ ಆಹಾರ ತಜ್ಞೆ ಕೂಗಳತೆಯಲ್ಲಿ ಇರುವುದಿಲ್ಲ. ಈ ಅಂತರವನ್ನು ಒಂದು ನಲವತ್ತು ಪುಟದ ನೋಟ್‌ಬುಕ್ ತುಂಬಬಲ್ಲದು. ಪುಟಕ್ಕೊಂದು ದಿನ. ಎಷ್ಟು ಹೊತ್ತು ಉಂಡರು, ಏನು ಉಂಡರು, ಎಷ್ಟು ಕ್ಯಾಪ್ಸೂಲ್, ಎಷ್ಟು ಲೋಟ ದ್ರವ, ವಾಂತಿ ಭೇದಿ ಆಯಿತೇ, ವಾರಕ್ಕೊಮ್ಮೆ ಅದೇ ತಕ್ಕಡಿಯಲ್ಲಿ ಅದೇ ಹೊತ್ತಿಗೆ ತೂಕ. ಎಂಟನೆಯ ತರಗತಿಯ ಹುಡುಗಿಯೂ ಇದನ್ನು ಬರೆದಿಡಬಲ್ಲಳು. ಮುಂದಿನ ಭೇಟಿಯಲ್ಲಿ ‘ಪರವಾಗಿಲ್ಲ, ಉಣ್ಣುತ್ತಾರೆ’ ಎಂಬ ಉತ್ತರಕ್ಕಿಂತ ಈ ಪುಟಗಳು ಡಾಕ್ಟರಿಗೆ ಹೆಚ್ಚು ಹೇಳುತ್ತವೆ.

ದಿನವಿಡೀ ನಿಲ್ಲದ ವಾಂತಿ, ಜ್ವರ ಅಥವಾ ಚಳಿ, ಕಣ್ಣು ಹಳದಿಯಾಗುವುದು, ಮೂತ್ರ ಗಾಢವಾಗಿ ತೀರಾ ಕಡಿಮೆಯಾಗುವುದು, ಎದ್ದು ನಿಂತರೆ ತಲೆ ಸುತ್ತುವುದು, ಕಪ್ಪು ಮಲ, ಇವುಗಳಲ್ಲಿ ಯಾವುದು ಕಂಡರೂ ಮುಂದಿನ ಭೇಟಿಯ ದಿನಕ್ಕೆ ಕಾಯದೆ ಆಸ್ಪತ್ರೆಗೆ ತಿಳಿಸಬೇಕು. ಆ ಫೋನ್ ನಂಬರ್ ನೋಟ್‌ಬುಕ್ಕಿನ ಮೊದಲ ಪುಟದಲ್ಲೇ ಇರಲಿ.

ಪರೀಕ್ಷೆ ಹತ್ತಿರವಿದೆ ಎಂದು ಮಕ್ಕಳಿಂದ ಎಲ್ಲವನ್ನೂ ಮುಚ್ಚಿಡುವ ತಂದೆ ತಾಯಂದಿರಿದ್ದಾರೆ. ಮುಚ್ಚಿಟ್ಟದ್ದು ಮಕ್ಕಳಿಗೆ ಹೇಗೂ ತಿಳಿಯುತ್ತದೆ; ಅರ್ಧಂಬರ್ಧ ತಿಳಿದು ಭಯ ಹೆಚ್ಚುತ್ತದೆ. ಕ್ಯಾನ್ಸರ್ ಅಂಟುರೋಗವಲ್ಲ, ಅಜ್ಜನ ಪಕ್ಕ ಕುಳಿತು ಉಣ್ಣಬಹುದು ಎಂಬಷ್ಟನ್ನಾದರೂ ಹೇಳಬೇಕು. ಅಮೆರಿಕದ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ರೂತ್ ಬೇಡರ್ ಗಿನ್ಸ್‌ಬರ್ಗ್ 2009ರ ಫೆಬ್ರುವರಿಯಲ್ಲಿ ಇದೇ ಕ್ಯಾನ್ಸರ್‌ಗೆ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು ಅದೇ ತಿಂಗಳು ಪೀಠಕ್ಕೆ ಮರಳಿದರು. 2020ರಲ್ಲಿ ಅದೇ ಕಾಯಿಲೆಯಿಂದ ತೀರಿಕೊಳ್ಳುವವರೆಗೆ ನ್ಯಾಯಮೂರ್ತಿಯಾಗಿಯೇ ಉಳಿದರು. ಅವರ ಗಡ್ಡೆ ಚಿಕ್ಕದಿದ್ದಾಗಲೇ ಸಿಕ್ಕಿತ್ತು. ಎಲ್ಲರಿಗೂ ಅಷ್ಟು ವರ್ಷ ಸಿಗುತ್ತದೆಂದು ಯಾರೂ ಮಾತು ಕೊಡಲಾರರು. ಸಿಕ್ಕ ದಿನಗಳಲ್ಲಿ ಎದ್ದು ಓಡಾಡುವಷ್ಟು ತ್ರಾಣ, ಮುಂದಿನ ಚಿಕಿತ್ಸೆ ತಡೆದುಕೊಳ್ಳುವಷ್ಟು ಶಕ್ತಿ ಇರುವಂತೆ ನೋಡಿಕೊಳ್ಳುವುದು ಮನೆಯವರ ಕೈಯಲ್ಲಿದೆ. ಅದಕ್ಕೆ ಬೇಕಾದದ್ದು ದುಬಾರಿ ಪುಡಿಗಳ ಡಬ್ಬಿಗಿಂತ ಮೊದಲು ಒಂದು ಚಿಕ್ಕ ತಟ್ಟೆ, ಒಂದು ಗಡಿಯಾರ ಮತ್ತು ಬೇಸರಪಡದೆ ಆರು ಸಲ ಬಡಿಸುವ ಕೈ.