ಹೇಳಬೇಕಾದವರಿಗೇ ಹೇಳೋಣ

ಸದ್ಭಕ್ತರೇ, ತಮ್ಮನ ತಪ್ಪನ್ನು ನಾವು ತಮ್ಮನಿಗೆ ಹೇಳುವುದಿಲ್ಲ, ಊರ ಕಟ್ಟೆಗೆ ಹೇಳುತ್ತೇವೆ. ಹೊಲದ ಬದುವಿನ ಮಾತು ಕೋರ್ಟಿನ ಮೆಟ್ಟಿಲು ಹತ್ತುವುದು ಹೀಗೆ.

ನಮ್ಮ ತಾವರಗೇರಾಕ್ಕೆ ನೆರೆಯ ಲಿಂಗಸುಗೂರು ಸೀಮೆಯ ಅಮರೇಶ್ವರದವರು 12ನೆಯ ಶತಮಾನದ ಶರಣರಾದ ಆಯ್ದಕ್ಕಿ ಮಾರಯ್ಯ, ಲಕ್ಕಮ್ಮ. ಕಲ್ಯಾಣದಲ್ಲಿ ಚೆಲ್ಲಿದ ಅಕ್ಕಿ ಆಯ್ದು ದಾಸೋಹ ಮಾಡುವುದು ಅವರ ಕಾಯಕ. ಒಂದು ದಿನ ಮಾರಯ್ಯನವರು ನಿತ್ಯಕ್ಕಿಂತ ಹೆಚ್ಚು ಅಕ್ಕಿ ತಂದರು. ಲಕ್ಕಮ್ಮ ತಾಯಿ ಸುಮ್ಮನಿರಲಿಲ್ಲ, ನೆರೆಹೊರೆಗೆ ಸಾರಲೂ ಇಲ್ಲ. ಹೆಚ್ಚಿನದು ಆಸೆಯ ಫಲ, ಮರಳಿಸಬೇಕೆಂದು ಗಂಡನಿಗೇ ನೇರವಾಗಿ ತಿಳಿಹೇಳಿದರು. ಮಾರಯ್ಯನವರು ಸಿಟ್ಟಾಗದೆ ಮರಳಿಸಿದರು.

ಹೇಳಿದ್ದು ನಿಜ, ಹೇಳಿದ್ದು ಸಲ್ಲಬೇಕಾದವರಿಗೆ, ಹೇಳಿದ್ದು ಅವರ ಒಳಿತಿಗೆ. ಈ ಮೂರರಲ್ಲಿ ಒಂದು ತಪ್ಪಿದರೂ ಮಾತು ಚಾಡಿಯಾಗುತ್ತದೆ. ಕೇಳುವವರಿಗೂ ತಾಳ್ಮೆ ಬೇಕು. ಇಂದು ರಾತ್ರಿ ಊಟಕ್ಕೆ ಮುನ್ನ ತಮ್ಮನ ಮನೆ ಬಾಗಿಲಿಗೆ ನಾವೇ ಹೋಗೋಣ.