ಶ್ರೀರಂಗಪಟ್ಟಣದ ಪಿಸ್ತೂಲು, ಮಲೆನಾಡಿನ ಕೇಪು

ಟಿಪ್ಪು ಸುಲ್ತಾನನ ಕಾಲದ ಪಿಸ್ತೂಲನ್ನು ನೋಡಿದವರ ಕಣ್ಣು ಮೊದಲು ಹೋಗುವುದು ಚಿನ್ನ–ಬೆಳ್ಳಿಯ ಕುಸುರಿಗೆ. ನಳಿಗೆಯ ಮೇಲೆ ಹುಲಿಪಟ್ಟೆ, ಅಲ್ಲಲ್ಲಿ ಹುಲಿಯ ಮುಖ, ಪರ್ಷಿಯನ್ ಅಕ್ಷರಗಳ ಸಾಲು. ಹರಾಜಿನವರೂ ಬಾಯ್ತುಂಬ ಬಣ್ಣಿಸುವುದು ಇದನ್ನೇ. ಆದರೆ ಆ ಆಯುಧದ ಜೀವ ಇರುವುದು ನಳಿಗೆಯ ಬುಡಕ್ಕೆ ಪಕ್ಕದಲ್ಲಿ ಕೂರಿಸಿದ ಉಕ್ಕಿನ ಪುಟ್ಟ ಯಂತ್ರದಲ್ಲಿ.

ನಳಿಗೆಯ ಬಾಯಿಂದ ಅಳತೆಯ ಮದ್ದು ಸುರಿದು, ಮೇಲೆ ಸೀಸದ ಗುಂಡಿಟ್ಟು, ಗಜದಿಂದ ಜಡಿಯಬೇಕು. ಹೊರಗಿನ ಸಣ್ಣ ಬಟ್ಟಲಿಗೆ ಚಿಟಿಕೆ ನುಣ್ಣನೆಯ ಮದ್ದು, ಅದು ರಂಜಕ. ಪೆಟ್ಟು ಕೊಡುವ ಸುತ್ತಿಗೆಗೆ ಕುದುರೆ ಎಂದು ಹೆಸರು; ಅದರ ದವಡೆಯಲ್ಲಿ ಚರ್ಮ ಸುತ್ತಿ ಬಿಗಿದ ಚಕಮಕಿ ಕಲ್ಲು. ಬಿಲ್ಲು (ಟ್ರಿಗರ್) ಎಳೆದರೆ ಒಳಗಿನ ಸ್ಪ್ರಿಂಗು ಕುದುರೆಯನ್ನು ಮುಂದಕ್ಕೆ ಒಗೆಯುತ್ತದೆ. ಕಲ್ಲು ಎದುರಿನ ಉಕ್ಕಿನ ಫಲಕವನ್ನು ಕೆರೆಯುತ್ತದೆ, ಅದೇ ಪೆಟ್ಟಿಗೆ ಫಲಕ ಮಗುಚಿ ಬಟ್ಟಲಿನ ಮುಚ್ಚಳವೂ ತೆರೆಯುತ್ತದೆ. ರಂಜಕ ಹೊತ್ತಿ, ನಳಿಗೆಯ ತೂತಿನಿಂದ ಬೆಂಕಿ ಒಳನುಗ್ಗಿ ಈಡು ಹಾರುತ್ತದೆ. ಕಿಡಿ ಹುಟ್ಟುವುದು ಕಲ್ಲಿನಿಂದ ಎಂದು ಹಲವರು ತಿಳಿದಿದ್ದಾರೆ. ಅದು ಕಲ್ಲು ಕೆರೆದು ತೆಗೆದ ಉಕ್ಕಿನ ಚೂರು, ಉರಿಯುತ್ತ ಉದುರುವುದು. ಫಲಕದ ಹದ ಮೆತ್ತಗಾದರೆ ಕಿಡಿಯಿಲ್ಲ. ತೂತು ಕಟ್ಟಿದ್ದರೆ ರಂಜಕ ಭುಸ್ಸೆಂದು ಉರಿದು ಗುಂಡು ಒಳಗೇ ಉಳಿಯುತ್ತದೆ. ಮಳೆಗಾಲದ ಮಾತು ಬೇಡವೇ ಬೇಡ.

ಫ್ರಾನ್ಸಿನಲ್ಲಿ 17ನೇ ಶತಮಾನದ ಆರಂಭದಲ್ಲಿ ಹದಕ್ಕೆ ಬಂದ ಈ ಯಂತ್ರ ನಮ್ಮಲ್ಲಿ ತಡವಾಗಿ ನೆಲೆಯಾಯಿತು. 18ನೇ ಶತಮಾನದಲ್ಲೂ ಇಲ್ಲಿನ ಬಹುಪಾಲು ಸೈನಿಕರ ಕೈಯಲ್ಲಿದ್ದದ್ದು ಉರಿಯುವ ಬತ್ತಿಯ ಬಂದೂಕು. ಟಿಪ್ಪು ಹಟ ಹಿಡಿದದ್ದು ಈ ಚಕಮಕಿ ಯಂತ್ರಕ್ಕೇ. 1788ರಲ್ಲಿ ಅವನ ರಾಯಭಾರಿಗಳು ಫ್ರಾನ್ಸಿನ ದೊರೆ ಹದಿನಾರನೇ ಲೂಯಿಯ ಮುಂದೆ ನಿಂತು ಕುಶಲಕರ್ಮಿಗಳನ್ನೂ ಕೇಳಿದರು. ಶ್ರೀರಂಗಪಟ್ಟಣ, ಬೆಂಗಳೂರು ಮತ್ತು ಮಲೆನಾಡಿನ ನಗರ ಎಂಬ ಊರಿನಲ್ಲಿ ಆಯುಧ ತಯಾರಾಗುತ್ತಿತ್ತು. ನಗರದ ಬಳಿ 2018ರಲ್ಲಿ ಹಾಳುಬಾವಿಯೊಂದರಿಂದ ಸಾವಿರಕ್ಕೂ ಹೆಚ್ಚು ಕಬ್ಬಿಣದ ರಾಕೆಟ್ ಹೊರಬಂದಾಗ, ಆ ಕಾಲದ ಆಯುಧದ ದಾಸ್ತಾನು ಎಷ್ಟಿತ್ತೆಂದು ಒಂದಿಷ್ಟು ಅಂದಾಜು ಸಿಕ್ಕಿತು.

ಕೆಲಸಗಾರರು ಯೂರೋಪಿನ ಯಂತ್ರವನ್ನು ಸುಮ್ಮನೆ ನಕಲು ಮಾಡಲಿಲ್ಲ. ಕೆಲವು ಕೋವಿಗಳಲ್ಲಿ ಕುದುರೆಯನ್ನೇ ಹುಲಿಯಾಗಿ ಕಡೆದರು. ಕೆಲವು ಜೋಡಿ ಪಿಸ್ತೂಲುಗಳಲ್ಲಿ ಒಂದರ ಯಂತ್ರ ಬಲಕ್ಕೆ, ಇನ್ನೊಂದರದು ಎಡಕ್ಕೆ. ಎಡಗೈ ಯಂತ್ರಕ್ಕೆ ಪ್ರತಿ ಬಿಡಿಭಾಗವನ್ನೂ ತಿರುವುಮುರುವಾಗಿ ಹೊಸದಾಗಿ ಅರೆಯಬೇಕು; ಚಿನ್ನದ ಗೆರೆ ಎಳೆಯುವುದಕ್ಕಿಂತ ಇದು ದೊಡ್ಡ ಕಸುಬು ಎಂಬುದು ನನ್ನ ಪಕ್ಷ. ಸೈಯದ್ ಮಾಸೂಮ್, ಸೈಯದ್ ದಾವೂದ್‌ರಂಥ ಕೆಲಸಗಾರರ ಹೆಸರೂ ಉಳಿದಿದೆ. ಜೊತೆಗೆ ಟಿಪ್ಪು ಜಾರಿಗೆ ತಂದ ಮೌಲೂದಿ ಶಕೆಯ ವರ್ಷ. ಅದರ ಅಂಕಿಗಳನ್ನು ಬಲದಿಂದ ಎಡಕ್ಕೆ ಓದಬೇಕು. ತಿಳಿಯದವರು ಸಾವಿರ ವರ್ಷ ಹಿಂದೆ ಮುಂದೆ ಹೋದಾರು!

1799ರ ಮೇ 4ರಂದು ಶ್ರೀರಂಗಪಟ್ಟಣದ ಕೋಟೆ ಬ್ರಿಟಿಷರ ಕೈಗೆ ಬಿತ್ತು, ಆಯುಧಗಳು ಲೂಟಿಯಾಗಿ ಹಡಗು ಹತ್ತಿದವು. ಸಂಗ್ರಾಹಕ ರಾಬಿನ್ ವಿಗಿಂಗ್ಟನ್ ಜೀವಮಾನವಿಡೀ ಅವನ್ನು ಕಲೆಹಾಕಿ 1992ರಲ್ಲಿ ಟಿಪ್ಪುವಿನ ಬಂದೂಕುಗಳ ಮೇಲೆ ಪುಸ್ತಕವನ್ನೇ ಬರೆದ. 2015ರ ಏಪ್ರಿಲ್‌ನಲ್ಲಿ ಲಂಡನ್ನಿನ ಬೋನಮ್ಸ್ ಹರಾಜಿನಲ್ಲಿ ಟಿಪ್ಪು ಕಾಲದ 30 ವಸ್ತುಗಳಿಗೆ ಸುಮಾರು 60 ಲಕ್ಷ ಪೌಂಡ್ ಬಂತು.

ಚಕಮಕಿಗೆ ಕೊನೆ ತಂದವನು ಸ್ಕಾಟ್ಲೆಂಡಿನ ಪಾದ್ರಿ ಅಲೆಕ್ಸಾಂಡರ್ ಫಾರ್ಸಿತ್. ಪೆಟ್ಟು ಬಿದ್ದರೆ ಸಿಡಿಯುವ ರಾಸಾಯನಿಕದಿಂದ ಈಡು ಹೊತ್ತಿಸುವ ವಿಧಾನಕ್ಕೆ 1807ರಲ್ಲಿ ಪೇಟೆಂಟ್ ಪಡೆದ. ಅಂಥ ರಾಸಾಯನಿಕವೇ ಮುಂದೆ ತಾಮ್ರದ ಟೋಪಿಯೊಳಗೆ ಕೂತು ನಮ್ಮ ಕೇಪಾಯಿತು. ಮಲೆನಾಡಿನ ತೋಟದ ಮನೆಗಳಲ್ಲಿ ಕೇಪಿನ ಕೋವಿ ಇನ್ನೂ ಇದೆ. ಚುನಾವಣೆ ಬಂದರೆ ಅದನ್ನು ಠಾಣೆಗೆ ಒಪ್ಪಿಸುವ ಗೊಣಗಾಟವೂ ಇದೆ. ಕೊಡಗಿನ ಕಥೆ ಬೇರೆ: 1861ರಲ್ಲಿ ಬ್ರಿಟಿಷ್ ಕಮಿಷನರ್ ಮಾರ್ಕ್ ಕಬ್ಬನ್ ಅಲ್ಲಿನವರ ಕೋವಿಗಳಿಗೆ ಕೊಟ್ಟ ವಿನಾಯಿತಿಯ ಎಳೆ ಇಂದಿಗೂ ಮುಂದುವರಿದಿದೆ. ಅಲ್ಲಿನ ಕೈಲ್‌ಪೊಳ್ದ್ ಹಬ್ಬದಲ್ಲಿ ಕೋವಿಗೆ ತೋಕ್ ಪೂ ಎಂಬ ಹೂ ಮುಡಿಸಿ ಪೂಜೆ ಮಾಡುತ್ತಾರೆ.

ಅಟ್ಟದ ಮೇಲೆ ಇಂಥದ್ದೇನಾದರೂ ಸಿಕ್ಕರೆ ಬಿಲ್ಲು ಎಳೆದು ನೋಡುವ ಚಪಲ ಬೇಡ. ಬಾಯಿಯ ನೇರಕ್ಕೆ ಯಾರೂ ನಿಲ್ಲದೆ, ಮರದ ಕಡ್ಡಿಯನ್ನು ನಳಿಗೆಗೆ ಮೆಲ್ಲಗೆ ಇಳಿಸಿ ಗುರುತು ಮಾಡಿ, ಹೊರಗಿಟ್ಟು ಅಳೆಯಿರಿ. ಪಕ್ಕದ ತೂತಿನವರೆಗೆ ಮುಟ್ಟದಿದ್ದರೆ ಒಳಗೆ ಹಳೆಯ ಈಡು ಇರಬಹುದು; ಪೊಲೀಸರಿಗೆ ತಿಳಿಸಿ. ರಿಪೇರಿ ಮಾಡಿದರೂ ಹಾರಿಸಲಾಗದ ಪುರಾತನ ಆಯುಧಕ್ಕೆ ಮಾತ್ರ 1959ರ ಶಸ್ತ್ರಾಸ್ತ್ರ ಕಾಯ್ದೆಯ 45ನೇ ಸೆಕ್ಷನ್ ವಿನಾಯಿತಿ ಕೊಡುತ್ತದೆ. ಇನ್ನು ಹುಣಸೆಹಣ್ಣು ಹಾಕಿ ಉಜ್ಜಬೇಡಿ. ತೆಳ್ಳಗಿನ ಚಿನ್ನದ ಕುಸುರಿ ಒಂದೇ ತಿಕ್ಕಿಗೆ ಎದ್ದುಹೋದೀತು.