ಕ್ರೂರ ಕಡಲು

ಯುದ್ಧದ ಚಲನಚಿತ್ರವೆಂದೊಡನೆ ಫಿರಂಗಿಯ ಮೊರೆತವನ್ನೂ ವಿಜಯದ ಕಹಳೆಯನ್ನೂ ನಿರೀಕ್ಷಿಸುವವರಿಗೆ ‘ದಿ ಕ್ರೂಯೆಲ್ ಸೀ’ ನಿರಾಶೆಯನ್ನುಂಟುಮಾಡೀತು. ನಿಕೊಲಾಸ್ ಮಾನ್ಸರಟ್ ಅವರ ಕಾದಂಬರಿಯನ್ನಾಧರಿಸಿ ಚಾರ್ಲ್ಸ್ ಫ್ರೆಂಡ್ ನಿರ್ದೇಶಿಸಿದ ಈ ಬ್ರಿಟಿಷ್ ಚಿತ್ರ 1953ರಲ್ಲಿ ತೆರೆಗೆ ಬಂದಿತು. ಎರಡನೆಯ ಮಹಾಯುದ್ಧದಲ್ಲಿ ಅಟ್ಲಾಂಟಿಕ್ ಸಾಗರವನ್ನು ದಾಟುವ ಸರಕುಹಡಗುಗಳನ್ನು ಜರ್ಮನ್ ಜಲಾಂತರ್ಗಾಮಿಗಳಿಂದ ಕಾಯುವ ‘ಕಂಪಾಸ್ ರೋಸ್’ ಎಂಬ ಪುಟ್ಟ ಬೆಂಗಾವಲು ನೌಕೆಯ ಕಥೆಯಿದು. ಅದರ ಕಪ್ತಾನ ಎರಿಕ್‌ಸನ್ನನ ಪಾತ್ರವನ್ನು ಜ್ಯಾಕ್ ಹಾಕಿನ್ಸ್ ವಹಿಸಿದ್ದಾರೆ.

ಚಿತ್ರದ ಜೀವವೆಲ್ಲ ಒಂದು ಸನ್ನಿವೇಶದಲ್ಲಿ ಅಡಗಿದೆಯೆಂದು ನನ್ನ ಭಾವನೆ. ಹಡಗೊಂದು ಮುಳುಗಿ, ಅದರ ನಾವಿಕರು ನೀರಿನಲ್ಲಿ ಈಸುತ್ತಿದ್ದಾರೆ. ಬೆಂಗಾವಲು ನೌಕೆಯನ್ನು ಕಂಡು, ಬದುಕಿದೆವೆಂದು ಅವರಿಗೆ ಹರ್ಷ. ಆದರೆ ನೀರಿನೊಳಗಿನ ಪ್ರತಿಧ್ವನಿಯನ್ನು ಆಲಿಸುವ ಯಂತ್ರ, ಅವರಿರುವೆಡೆಯಲ್ಲೇ ಕೆಳಗೆ ಶತ್ರುವಿನ ಜಲಾಂತರ್ಗಾಮಿ ಇದೆಯೆಂದು ಸೂಚಿಸುತ್ತದೆ. ಆಳದಲ್ಲಿ ಸಿಡಿಯುವ ಸ್ಫೋಟಕಗಳನ್ನು ಎಸೆದರೆ ತನ್ನವರೇ ಸಾಯುವರು. ಎಸೆಯದಿದ್ದರೆ ಇನ್ನೆಷ್ಟು ಹಡಗುಗಳು ಮುಳುಗುವುವೋ! ಆಲೋಚಿಸಲು ವೇಳೆಯಿಲ್ಲ. ಎರಿಕ್‌ಸನ್ ಆಜ್ಞೆ ಕೊಡುತ್ತಾನೆ. ನಾವಿಕರು ಸಾಯುತ್ತಾರೆ. ಜಲಾಂತರ್ಗಾಮಿ ಅಲ್ಲಿತ್ತೆಂಬುದಕ್ಕೆ ಪುರಾವೆ ದೊರೆಯುವುದಿಲ್ಲ. ತನ್ನ ಹಡಗಿನವನೇ ಅವನನ್ನು ಕೊಲೆಗಾರನೆಂದು ಕೂಗುತ್ತಾನೆ.

ಹಾಕಿನ್ಸರ ಅಭಿನಯದ ಹಿರಿಮೆ ಮುಂದಿನ ದೃಶ್ಯದಲ್ಲಿದೆ. ಆ ಕಠಿಣ ಮುಖದ ಮೇಲೆ ಕಣ್ಣೀರು ತಾನಾಗಿಯೇ ಇಳಿಯುತ್ತದೆ. ಜಲಾಂತರ್ಗಾಮಿಯೆಂದು ಗುರುತಿಸಿದವನು ತಾನಾದ್ದರಿಂದ ಅಪರಾಧವೂ ತನ್ನದೇ ಎನ್ನುತ್ತಾನೆ, ಕಿರಿಯ ಅಧಿಕಾರಿ ಲಾಕ್‌ಹಾರ್ಟ್. ಕಪ್ತಾನ ಅದನ್ನು ಒಪ್ಪುವುದಿಲ್ಲ. ಯಾರೂ ಅವರನ್ನು ಕೊಲ್ಲಲಿಲ್ಲ, ಇದು ಯುದ್ಧದ ಕೃತ್ಯವೆನ್ನುತ್ತಾನೆ. ಹಾಗೆಂದರೂ ಅವನ ಅಳು ನಿಲ್ಲದು.

ಮುಂದೆ ‘ಕಂಪಾಸ್ ರೋಸ್’ ತಾನೇ ಮುಳುಗುತ್ತದೆ. ಎರಿಕ್‌ಸನ್ ಮತ್ತೊಂದು ನೌಕೆಯನ್ನೇರುತ್ತಾನೆ. ಯುದ್ಧ ಮುಗಿದಾಗ ಅವರಿಬ್ಬರೂ ಲೆಕ್ಕ ಹಾಕುತ್ತಾರೆ: ಐದು ವರ್ಷಗಳಲ್ಲಿ ಅವರು ಮುಳುಗಿಸಿದ ಜಲಾಂತರ್ಗಾಮಿಗಳು ಎರಡೇ ಎರಡು.